ಒಂದೇ ಫೋನು, ಎರಡು ಕೀಪ್ಯಾಡು

ಫೋನಿನಲ್ಲಿ ನಂಬರ್ ಒತ್ತುವ ಕೀಪ್ಯಾಡ್ ತೆರೆದು ನೋಡಿ. ಮೇಲಿನ ಸಾಲು 1, 2, 3. ಈಗ ಕ್ಯಾಲ್ಕುಲೇಟರ್ ತೆರೆಯಿರಿ. ಮೇಲೆ 7, 8, 9! ಆದರೂ ಯಾರೂ ಗೊಂದಲ ಆಯ್ತು ಅಂತ ದೂರುವುದಿಲ್ಲ, ಅಲ್ವಾ?

ಲೆಕ್ಕದ ಯಂತ್ರಗಳಲ್ಲಿ ದೊಡ್ಡ ಅಂಕಿ ಮೇಲಿಡುವುದು ಹಳೇ ರೂಢಿ. ಅಮೆರಿಕದ ಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು ಗುಂಡಿ ಒತ್ತುವ ಫೋನು ಮಾಡುವಾಗ ಹಲವು ಜೋಡಣೆಗಳನ್ನು ಜನರ ಕೈಗೇ ಕೊಟ್ಟು ಪರೀಕ್ಷಿಸಿದರು. ವೇಗದಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಕೊನೆಗೆ 1963ರಲ್ಲಿ ಬಂದ ಫೋನಿನಲ್ಲಿ 1-2-3 ಮೇಲೆ ಕೂತಿತು. ಆಮೇಲೆ ಎರಡೂ ಬೆರಳಿಗೆ ಅಂಟಿಕೊಂಡವು.

ಈಗ ಯಾರಾದರೂ ಡಿಸೈನರ್ ಬಂದು ‘ಎರಡನ್ನೂ ಒಂದೇ ಥರ ಮಾಡೋಣ, ನೀಟಾಗಿರುತ್ತದೆ’ ಅಂದರೆ ದಯವಿಟ್ಟು ತಡೆಯಿರಿ. ದಿನವಿಡೀ ಲೆಕ್ಕ ಹಾಕುವ ಅಂಗಡಿಯವರು ಗುಂಡಿ ನೋಡುವುದೇ ಇಲ್ಲ. ಅವರ ಕಣ್ಣು ಚೀಟಿಯ ಮೇಲೆ, ಮಾತು ಗಿರಾಕಿ ಜೊತೆ. ಅಂಥವರ ಕೈ ತಪ್ಪಿಸಿ ಸಿಗುವ ನೀಟುತನ ಯಾರಿಗೆ ಬೇಕು?

ನನಗಂತೂ ಎಟಿಎಂ ಪಿನ್ ಅಂಕಿಗಳಾಗಿ ನೆನಪೇ ಇಲ್ಲ, ಬೆರಳು ಹೋಗುವ ದಾರಿಯಾಗಿ ಮಾತ್ರ ಇದೆ. ಕೆಲವು ಬ್ಯಾಂಕಿಂಗ್ ಪರದೆಗಳು ಪ್ರತಿ ಸಲ ಅಂಕಿಗಳನ್ನು ಕಲಸಿ ಬೇರೆ ತೋರಿಸುತ್ತವೆ. ಸುರಕ್ಷತೆಗೆ ಅಂತ ಗೊತ್ತು. ಆದರೂ ಸಿಟ್ಟು ಬರುತ್ತದೆ.