ಅಂಗಿ ಬಿಚ್ಚಿ ಓಡಿದವನು

ಮಧ್ಯಾಹ್ನ ಊಟ ಮಾಡ್ತಾ ಮೊಬೈಲ್ ನೋಡುವಾಗ ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರ ಜಾನ್ ಅಲೋಯಿಸಿ ಪೆನಾಲ್ಟಿ ವಿಡಿಯೋ ಬಂತು. 2005 ನವೆಂಬರ್ 16, ಸಿಡ್ನಿ. ಎದುರಿಗೆ ಉರುಗ್ವೆ, ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋಗಿತ್ತು. ಎಡಗಾಲಲ್ಲಿ ಒಂದು ಹೊಡೆತ, ಅಷ್ಟೇ. 1974ರ ನಂತರ ಆಸ್ಟ್ರೇಲಿಯಾ ಮೊದಲ ಸಲ ವಿಶ್ವಕಪ್‌ಗೆ ಹೋಯಿತು.

ನನಗೆ ಇಷ್ಟವಾಗುವುದು ಗೋಲಿಗಿಂತ ಆಮೇಲಿನ ಓಟ. ಅಂಗಿ ಬಿಚ್ಚಿ ಕೈಯಲ್ಲಿ ಬೀಸುತ್ತಾ ಓಡಿದ್ದೇ ಓಡಿದ್ದು. ಜೊತೆಯವರು ಹಿಂದೆ ಬಿದ್ದರೂ ಸುಲಭಕ್ಕೆ ಕೈಗೆ ಸಿಗಲಿಲ್ಲ ಪುಣ್ಯಾತ್ಮ!

ಆದರೆ ಅದಕ್ಕೂ ಮೊದಲು ಈತ ಎಷ್ಟು ಊರು ಸುತ್ತಿದ್ದ ಅಂತ ನೋಡಿ. ಅಡಿಲೇಡ್‌ನ ಹುಡುಗ. ಬೆಲ್ಜಿಯಂ, ಆಮೇಲೆ ಇಟಲಿಯ ಕ್ರೆಮೊನೀಸ್, ಇಂಗ್ಲೆಂಡಿನ ಪೋರ್ಟ್ಸ್‌ಮತ್, ಕೊವೆಂಟ್ರಿ, ಸ್ಪೇನಿನ ಒಸಾಸುನಾ, ಅಲಾವೆಸ್. ಒಂದೂ ದೊಡ್ಡ ಹೆಸರಿನ ಕ್ಲಬ್ ಅಲ್ಲ. ಆದರೂ ಇಟಲಿ, ಇಂಗ್ಲೆಂಡ್, ಸ್ಪೇನ್ ಮೂರೂ ಕಡೆಯ ಮೇಲಿನ ಲೀಗ್‌ಗಳಲ್ಲಿ ಗೋಲು ಹೊಡೆದ ಮೊದಲ ಆಸ್ಟ್ರೇಲಿಯನ್ ಇವನೇ. ಅದೇ 2005ರಲ್ಲಿ ಸ್ಪೇನಿನ ಕಪ್ ಫೈನಲ್‌ನಲ್ಲೂ ಒಸಾಸುನಾ ಪರ ಗೋಲು ಹೊಡೆದಿದ್ದ. ಪಂದ್ಯ ಸೋತರು, ಆ ಗೋಲು ಯಾರಿಗೂ ಜಾಸ್ತಿ ನೆನಪಿಲ್ಲ.

ಹತ್ತಾರು ವರ್ಷ ಚೀಲ ಹೊತ್ತು ತಿರುಗಿದವನನ್ನು ಜನ ಅರ್ಧ ನಿಮಿಷದ ಓಟದಲ್ಲಿ ನೆನಪಿಟ್ಟುಕೊಳ್ಳುತ್ತಾರೆ. ಅವನಿಗೆ ಬೇಜಾರಿರಬಹುದಾ? ನನಗೇನೋ ಹಾಗನ್ನಿಸಲ್ಲ. ಆ ಮುಖ ನೋಡಿದರೆ ಗೊತ್ತಾಗುತ್ತೆ ಅಲ್ವಾ?

ಅಂದಹಾಗೆ, ಆವತ್ತು ಎರಡು ಪೆನಾಲ್ಟಿ ತಡೆದ ಗೋಲ್‌ಕೀಪರ್ ಶ್ವಾರ್ಜರ್ ವಿಡಿಯೋ ಮಾತ್ರ ಯಾರೂ ಕಳಿಸಲ್ಲ.