ಕಥೆ ಅಂದರೆ ಸುಳ್ಳು ಅಲ್ವಾ ಟೀಚರೇ?

23 ನವೆಂಬರ್ 2025, ಭಾನುವಾರ ರಾತ್ರಿ
ಮಂಗಳೂರು

ಸಂಡೇ ಸ್ಕೂಲ್ ಮಕ್ಕಳಿಗೆ ಈ ಕ್ರಿಸ್‌ಮಸ್‌ಗೆ ಸ್ಟೀಲ್ ಡಬ್ಬಿ ಬೇಡ, ಕಥೆ ಪುಸ್ತಕ ಕೊಡುವ ಅಂತ ಇವತ್ತು ಆರಾಧನೆ ಮುಗಿದ ಮೇಲೆ ಹೇಳಿದೆ. ಮಾಸ್ಟ್ರು ಚಾದ ಲೋಟ ಕೆಳಗಿಟ್ಟರು.

"ಎಂತ ಕಥೆ?"

"ಕಾದಂಬರಿ ಮಾಸ್ಟ್ರೇ. ಕ್ರೈಸ್ತ ಕಾದಂಬರಿ. ಹೊಸತು ತುಂಬಾ ಬಂದಿದೆ, ಮಕ್ಕಳಿಗೂ ಉಂಟು, ದೊಡ್ಡವರಿಗೂ ಉಂಟು."

"ಕಥೆ ಅಂದರೆ ಸುಳ್ಳು ಅಲ್ವಾ ಟೀಚರೇ? ಕ್ರಿಸ್‌ಮಸ್ ದಿನ ಸುಳ್ಳು ಹಂಚುದಾ ನಾವು?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಅಷ್ಟರಲ್ಲಿ ಅಯ್ಯನವರು, ಅಂದರೆ ನಮ್ಮ ಚರ್ಚಿನ ಪಾದ್ರಿ, ಲೆಕ್ಕಪತ್ರದ ವಿಷಯಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು. ಮಂಗಳವಾರದ ಒಳಗೆ ಪಟ್ಟಿ ಕೊಡಿ, ಕಮಿಟಿಯಲ್ಲಿ ನೋಡುವ ಅಂತಾಯಿತು.

ಮನೆಗೆ ಬಂದು ಊಟ ಮಾಡಿ ಮಲಗಲು ನೋಡಿದೆ. ನಿದ್ದೆ ಎಲ್ಲಿ ಬರುತ್ತದೆ. ಮಾಸ್ಟ್ರ ಮಾತು ತಲೆಯಲ್ಲೇ ಕೂತಿತ್ತು. ಅವರು ಕೆಟ್ಟವರಲ್ಲ, ನನಗೆ ಆರನೇ ಕ್ಲಾಸಿನಲ್ಲಿ ಕನ್ನಡ ಕಲಿಸಿದವರು. ಬೈಬಲ್ ಬಾಯಿಪಾಠ. ಹಾಗಿದ್ದೂ ಹಾಗೆ ಕೇಳಿದರಲ್ಲ ಅಂತ ಬೇಜಾರು. ದಾವೀದ ರಾಜ ಇನ್ನೊಬ್ಬನ ಹೆಂಡತಿಯನ್ನು ತೆಗೆದುಕೊಂಡು, ಅವಳ ಗಂಡನನ್ನು ಕೊಲ್ಲಿಸಿ ಕೂತಿದ್ದಾಗ ಪ್ರವಾದಿ ನಾತಾನ ಹೋಗಿ ಎಂತ ಹೇಳಿದ? ಎರಡನೇ ಸಮುವೇಲ 12 ತೆಗೆದು ನೋಡಿ. ಒಂದೂರಲ್ಲಿ ಒಬ್ಬ ಶ್ರೀಮಂತ, ಒಬ್ಬ ಬಡವ, ಬಡವನ ಹತ್ತಿರ ಒಂದೇ ಒಂದು ಕುರಿಮರಿ, ಶ್ರೀಮಂತ ಅದನ್ನೇ ಕಿತ್ತುಕೊಂಡ. ಅಪ್ಪಟ ಕಟ್ಟುಕಥೆ. ದಾವೀದ ಕೇಳಿ ಕೇಳಿ ಸಿಟ್ಟಾಗುತ್ತಾನೆ, ಅಂಥವನು ಸಾಯಬೇಕು ಅನ್ನುತ್ತಾನೆ. ಆಮೇಲೆ ನಾತಾನ "ಆ ಮನುಷ್ಯನು ನೀನೇ" ಅನ್ನುತ್ತಾನೆ. ನೇರ ಹೋಗಿ ಆರೋಪ ಮಾಡಿದ್ದರೆ ಪ್ರವಾದಿಯ ತಲೆ ಉಳಿಯುತ್ತಿತ್ತಾ? ಯೇಸುಸ್ವಾಮಿ ಹೇಳಿದ ಸಾಮ್ಯಗಳೂ ಕಟ್ಟಿದ ಕಥೆಗಳೇ ಅಲ್ವಾ. ಕಳೆದುಹೋದ ಮಗ ಅಂತ ಒಬ್ಬ ನಿಜವಾಗಿ ಇದ್ದ, ಅವನ ಮನೆ ಇಂಥ ಕಡೆ ಇತ್ತು ಅಂತ ಯಾರೂ ಹೇಳುವುದಿಲ್ಲ.

ಆ ಸಾಮ್ಯದಲ್ಲೇ ಒಂದು ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ಲೂಕ 15ರ ಕೊನೆ ನೋಡಿ. ಆಸ್ತಿ ಹಾಳು ಮಾಡಿ ವಾಪಸ್ ಬಂದ ತಮ್ಮನಿಗೆ ಒಳಗೆ ಔತಣ ನಡೀತಾ ಇದೆ, ದೊಡ್ಡ ಮಗ ಸಿಟ್ಟಿನಲ್ಲಿ ಹೊರಗೆ ನಿಂತಿದ್ದಾನೆ, ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಆಮೇಲೆ ಅವನು ಒಳಗೆ ಹೋದನಾ ಇಲ್ವಾ? ಹೇಳಿಲ್ಲ. ಕಥೆ ಅಲ್ಲಿಗೇ ನಿಂತಿದೆ. ಈಗಿನ ಕೆಲವು ಕ್ರೈಸ್ತ ಕಾದಂಬರಿಗಳನ್ನು ಬರೆಯುವವರ ಕೈಗೆ ಇದು ಸಿಕ್ಕಿದ್ದರೆ ದೊಡ್ಡ ಮಗ ಅಳುತ್ತಾ ಒಳಗೆ ಓಡಿಹೋಗಿ, ಎಲ್ಲರೂ ಮೊಣಕಾಲೂರಿ ಪ್ರಾರ್ಥನೆ ಮಾಡಿ, ಮುಂದಿನ ಅಧ್ಯಾಯದಲ್ಲಿ ಅವನಿಗೆ ಒಳ್ಳೆ ಸಂಬಂಧವೂ ಕೂಡಿಬರುತ್ತಿತ್ತು.

ಅದಕ್ಕೇ ಪಟ್ಟಿ ಮಾಡುವಾಗ ನನ್ನದು ಒಂದೇ ಹಟ. ಚರ್ಚಿನ ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ಪಾತ್ರಗಳ ಹೆಸರು ಅಂಟಿಸಿದಂಥ ಪುಸ್ತಕ ಬೇಡ. ಪ್ರಸಂಗ ಬೇಕಿದ್ದರೆ ಭಾನುವಾರ ಸಿಗುತ್ತದೆ, ಅದೂ ಉದ್ದದ್ದೇ.

ಮಕ್ಕಳಿಗೆ ಯಾವುದು ಅಂತ ಅಣ್ಣನ ಮಗಳು ಪುಟ್ಟಿಯನ್ನೇ ಕೇಳಿದೆ. ಹದಿಮೂರು ವರ್ಷ, ಓದುವುದರಲ್ಲಿ ಹುಚ್ಚು, ಮೂಗು ಮುರಿಯುವುದರಲ್ಲಿ ಅದಕ್ಕಿಂತ ಜಾಸ್ತಿ. ನಾನು ಕೊಟ್ಟ ಒಂದು ಪುಸ್ತಕವನ್ನು ಎರಡೇ ಅಧ್ಯಾಯಕ್ಕೆ ವಾಪಸ್ ಕೊಟ್ಟಳು. "ಮಾಮೀ, ಇದರಲ್ಲಿ ಆ ಹುಡುಗಿ ಬೈದುಕೊಳ್ಳುವುದೇ ಇಲ್ಲ, ಅಮ್ಮನಿಗೂ ಎದುರು ಮಾತಾಡುವುದಿಲ್ಲ. ರೋಬೋಟ್." ಯಾವ ಪುಸ್ತಕ ಅಂತ ಹೇಳುವುದಿಲ್ಲ, ಬಿಡಿ.

ಅವಳು ಬಿಡದೆ ಓದಿದ್ದು ಆಂಡ್ರ್ಯೂ ಪೀಟರ್ಸನ್ ಬರೆದ 'ವಿಂಗ್‌ಫೆದರ್ ಸಾಗಾ'. ನಾಲ್ಕು ಪುಸ್ತಕ. ಮೊದಲನೆಯದು 2008ರಲ್ಲಿ ಬಂದದ್ದು, 2022ರಿಂದ ಅದರ ಆನಿಮೇಷನ್ ಸರಣಿಯೂ ಇದೆ. ಬರೆದವರು ಮೂಲತಃ ಹಾಡುಗಾರ. ಮೂವರು ಮಕ್ಕಳು, ಜ್ಯಾನರ್, ಟಿಂಕ್, ಲೀಲಿ. ಲೀಲಿಗೆ ಕಾಲು ಸರಿ ಇಲ್ಲ, ಊರುಗೋಲು ಹಿಡಿದು ನಡೆಯುತ್ತಾಳೆ. ಊರನ್ನು ಆಳುವುದು ಹಲ್ಲಿಯಂಥ ಫ್ಯಾಂಗ್‌ಗಳು, ರಾತ್ರಿ ಕಪ್ಪು ಗಾಡಿ ಬಂದು ಮಕ್ಕಳನ್ನು ಹೊತ್ತುಕೊಂಡು ಹೋಗುತ್ತದೆ. ಮೊದಲ ನೂರು ಪುಟ ತಮಾಷೆಯೇ ತಮಾಷೆ, ಅಡಿಟಿಪ್ಪಣಿಗಳಲ್ಲೂ ತಮಾಷೆ. ಕೊನೆಯ ಪುಸ್ತಕ ಮುಗಿಸಿ ಪುಟ್ಟಿ ಊಟಕ್ಕೆ ಬರಲಿಲ್ಲ. ಯಾಕೆ ಅಂತ ಅಣ್ಣ ಕೇಳಿದ್ದಕ್ಕೆ ಹೊಟ್ಟೆನೋವು ಅಂದಳಂತೆ. ನನಗೆ ಗೊತ್ತು ಯಾವ ನೋವು ಅಂತ.

ಮಾಸ್ಟ್ರು ಇದಕ್ಕೆ ಎಂತ ಹೇಳುತ್ತಾರೆ ಅಂತಲೂ ಗೊತ್ತು. "ಇದರಲ್ಲಿ ಯೇಸುವಿನ ಹೆಸರೇ ಇಲ್ಲ ಅಲ್ವಾ." ಹೌದು, ಇಲ್ಲ. ಸೃಷ್ಟಿಕರ್ತ ಅಂತ ಮಾತ್ರ ಬರುತ್ತದೆ. ಬೈಬಲಿನ ಎಸ್ತೇರಳ ಪುಸ್ತಕದಲ್ಲಿ ದೇವರು ಅನ್ನುವ ಮಾತು ಎಲ್ಲಿದೆ ತೋರಿಸಿ ಅಂತ ಕೇಳಬೇಕು. ಈ ಉತ್ತರ ಇವತ್ತು ಬೆಳಿಗ್ಗೆ ಹೊಳೆಯಲಿಲ್ಲ ನೋಡಿ, ಈಗ ಹನ್ನೊಂದು ಗಂಟೆಗೆ ಹೊಳೆಯುತ್ತದೆ.

ಇನ್ನೂ ಚಿಕ್ಕವರಿಗೆ, ಅಂದರೆ ಎಂಟೊಂಬತ್ತರ ಮಕ್ಕಳಿಗೆ, ಎಸ್. ಡಿ. ಸ್ಮಿತ್ ಅವರ 'ದ ಗ್ರೀನ್ ಎಂಬರ್' ಸಾಕು. 2014ರದ್ದು. ಕತ್ತಿ ಹಿಡಿದ ಮೊಲಗಳು, ಹೆದರ್ ಮತ್ತು ಪಿಕೆಟ್ ಅಂತ ಅಕ್ಕ ತಮ್ಮ. ನಮ್ಮ ಗಂಡು ಹುಡುಗರು ಕತ್ತಿ ಅಂದ ಕೂಡಲೇ ಬರುತ್ತಾರೆ. ತೀರಾ ಹೊಸತು ಬೇಕಿದ್ದರೆ ಸಾರಾ ಆರ್ಥರ್ ಅವರ 'ಒನ್ಸ್ ಎ ಕ್ವೀನ್', 2024. ಹದಿನಾಲ್ಕು ವರ್ಷದ ಅಮೆರಿಕದ ಹುಡುಗಿ ಇಂಗ್ಲೆಂಡಿನಲ್ಲಿ ತಾನು ಯಾವತ್ತೂ ನೋಡದ ಅಜ್ಜಿಯ ದೊಡ್ಡ ಮನೆಗೆ ರಜೆಗೆ ಹೋಗುತ್ತಾಳೆ. ಅಜ್ಜಿಗೂ ಮಗಳಿಗೂ ನಡುವೆ ಏನೋ ಇದೆ, ಯಾರೂ ಬಾಯಿ ಬಿಡುವುದಿಲ್ಲ. ನಿಧಾನದ ಪುಸ್ತಕ. ಪುಟ್ಟಿಗೆ ಇಷ್ಟವಾಯಿತು, ಅವಳ ಗೆಳತಿಗೆ ಬೋರ್ ಹೊಡೆಯಿತು. ಆಗಲಿ, ಎಲ್ಲರಿಗೂ ಎಲ್ಲವೂ ಹಿಡಿಸಬೇಕು ಅಂತ ಏನಿಲ್ಲ.

ಒಂದನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಫ್ರಾನ್ಸಿನ್ ರಿವರ್ಸ್ ಅವರ 'ರಿಡೀಮಿಂಗ್ ಲವ್'. ಸ್ತ್ರೀಸಂಘದಲ್ಲಿ ಅರ್ಧ ಜನ ಓದಿದ್ದಾರೆ, ಹೊರಗೆ ಹೇಳುವುದಿಲ್ಲ. ದಾರಿ ತಪ್ಪಿದ ಹೆಂಡತಿಯನ್ನು ಬಿಡದೆ ಪ್ರೀತಿಸಿದ ಪ್ರವಾದಿ ಹೋಶೇಯನ ಕಥೆಯನ್ನು 1850ರ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ಕಾಲಕ್ಕೆ ತಂದು ಬರೆದದ್ದು. ಚಿಕ್ಕ ಹುಡುಗಿಯನ್ನು ಮಾರುವ ಭಾಗ ಓದುವಾಗ ನನಗೇ ಪುಸ್ತಕ ಮುಚ್ಚಬೇಕಾಯಿತು. ದೊಡ್ಡವರಿಗೆ ಸರಿ. ಕ್ರೈಸ್ತ ಪುಸ್ತಕ ಅಂತ ಬೆನ್ನ ಮೇಲೆ ಬರೆದಿದ್ದರೆ ಯಾರಿಗೆ ಬೇಕಾದರೂ ಕೊಡಬಹುದು ಅಂತ ತಿಳಿಯುವವರು ತುಂಬಾ ಜನ, ಅದಕ್ಕೆ ಬರೆದೆ. ಇನ್ನು ಆ ತಲೆಗೆ ಬಿಳಿ ಟೋಪಿ ಕಟ್ಟಿಕೊಂಡ ಅಮಿಶ್ ಹುಡುಗಿಯರು (ಅಮೆರಿಕದಲ್ಲಿ ಹಳೆ ಕಾಲದ ಹಾಗೇ ಬದುಕುವ ಕ್ರೈಸ್ತ ಪಂಗಡದವರು) ಹೊಲದಲ್ಲಿ ನಿಂತ ರಕ್ಷಾಪುಟದ ಕಾದಂಬರಿಗಳು... ಒಂದು ಓದಿ. ಎರಡನೆಯದಕ್ಕೆ ದುಡ್ಡು ಹಾಕಬೇಡಿ.

ಯುದ್ಧದ ಕಾಲದ ಕಥೆ ಇಷ್ಟಪಡುವವರಿಗೆ ಲಿನ್ ಆಸ್ಟಿನ್ ಅವರ 'ಚೇಸಿಂಗ್ ಶ್ಯಾಡೋಸ್' ಕೊಡಬಹುದು, 2021ರದ್ದು. ನಾಜಿಗಳ ಕೈಯಲ್ಲಿದ್ದ ನೆದರ್‌ಲ್ಯಾಂಡ್ಸ್. ಭಕ್ತಿಯ ತಾಯಿ, ನಂಬಿಕೆ ಬಿಟ್ಟು ಪಟ್ಟಣ ಸೇರಿದ ಮಗಳು, ತಪ್ಪಿಸಿಕೊಂಡು ಬಂದ ಯೆಹೂದಿ ಹುಡುಗಿ. ಮಗಳು ದೇವರ ಜೊತೆ ಜಗಳವಾಡುವ ಭಾಗಗಳೇ ಚೆನ್ನಾಗಿವೆ.

ಆದರೆ ನಿಜವಾಗಿ ಬರೆಯಬೇಕು ಅಂತ ಕೂತದ್ದು ದೊಡ್ಡಮ್ಮನ ವಿಷಯ.

ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ನಿಮಗೆ ಗೊತ್ತಲ್ಲ. ಕನ್ನಡದಲ್ಲಿ ಸಿಕ್ಕಿದ್ದೆಲ್ಲ ಓದುತ್ತಾರೆ, ದಿನಪತ್ರಿಕೆಯ ಮರಣವಾರ್ತೆಯಿಂದ ಹಿಡಿದು. ಚರ್ಚಿನ ಕಪಾಟಿನಲ್ಲಿ ಅವರಿಗೆ ಸಿಗುವುದು ಸಾಕ್ಷಿಯ ಪುಸ್ತಿಕೆಗಳು, ಕುಡಿಯುತ್ತಿದ್ದೆ, ಬಿಟ್ಟೆ, ದೇವರಿಗೆ ಸ್ತೋತ್ರ. "ಇದರಲ್ಲಿ ಎಲ್ಲರಿಗೂ ಒಂದೇ ರೀತಿ ಆಗುತ್ತದೆ ಮಾರಾಯ್ತಿ" ಅಂತ ಅವರೇ ಬಿಟ್ಟರು. ಅದಕ್ಕೆ ಈಚೆಗೆ ನಾನು ಮ್ಯಾರಿಲಿನ್ ರಾಬಿನ್ಸನ್ ಅವರ 'ಗಿಲಿಯಡ್' ಕಥೆಯನ್ನು ಸ್ವಲ್ಪ ಸ್ವಲ್ಪವೇ ತುಳುವಿನಲ್ಲಿ ಹೇಳುತ್ತಿದ್ದೇನೆ. 2004ರ ಪುಸ್ತಕ, ಮರುವರ್ಷ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು. ಕ್ರೈಸ್ತ ಪುಸ್ತಕದಂಗಡಿಯಲ್ಲಿ ಹುಡುಕಿದರೆ ಸಿಗುವ ಜಾತಿಯದಲ್ಲ, ಆದರೆ ನನ್ನ ಪಟ್ಟಿಯಲ್ಲಿ ದೊಡ್ಡವರಿಗೆ ಮೊದಲನೆಯದು ಅದೇ.

ಸಂಜೆ ಅವರು ಬಂಗುಡೆ ಕ್ಲೀನ್ ಮಾಡುತ್ತಾ ಕೂತಿದ್ದರು. ನಾನು ಶುರು ಮಾಡಿದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಗಿಲಿಯಡ್ ಅಂತ ಊರು, 1956ನೇ ಇಸವಿ, ಎಪ್ಪತ್ತಾರು ವರ್ಷದ ಅಯ್ಯನವರು. ಹೃದಯದ ಕಾಯಿಲೆ. ತಡವಾಗಿ ಮದುವೆಯಾಗಿ ಏಳು ತುಂಬಲಿರುವ ಮಗ ಇದ್ದಾನೆ. ಮಗ ದೊಡ್ಡವನಾಗುವಾಗ ತಾನಿರುವುದಿಲ್ಲ ಅಂತ ಅವನಿಗೆ ಒಂದು ಉದ್ದ ಕಾಗದ ಬರೆಯುತ್ತಾರೆ. ಇಡೀ ಪುಸ್ತಕವೇ ಆ ಕಾಗದ.

"ಕೊನೆಗೆ ಸತ್ತರಾ?"

"ಬರೆದಿಲ್ಲ ದೊಡ್ಡಮ್ಮ."

"ಹೇಗೆ ಬರೆಯುವುದು! ಕಾಗದ ಬರೆಯುವವರು ಅವರೇ ಅಲ್ವಾ." ಮೀನಿನ ತಲೆ ತೆಗೆದು ಬದಿಗೆ ಹಾಕಿದರು. "ಮಗನಿಗೆ ಸಿಕ್ತಾ ಕಾಗದ?"

ಅದೂ ಗೊತ್ತಿಲ್ಲ. ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದೊಡ್ಡಮ್ಮ ಏಳನೇ ಕ್ಲಾಸ್.

ಇಂಥ ಓದುಗರಿಗೆ ನಮ್ಮಲ್ಲಿ ಹೊಸ ಪುಸ್ತಕ ಯಾವುದಿದೆ ಹೇಳಿ. ಇದೇ ಊರು ಅಲ್ವಾ ನಮ್ಮದು. ಬಾಸೆಲ್ ಮಿಷನ್‌ನವರು 1841ರಲ್ಲಿ ಪ್ರೆಸ್ ಹಾಕಿದ್ದು ಇಲ್ಲಿ, ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟದ್ದು ಇಲ್ಲಿಂದ. ಜಾನ್ ಬನಿಯನ್ ಅವರ ಯಾತ್ರಿಕನ ಕಥೆ 1840ರ ದಶಕದಲ್ಲೇ ಕನ್ನಡಕ್ಕೆ ಬಂದಿತ್ತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಅಚ್ಚಾದದ್ದೂ ಅದೇ ಪ್ರೆಸ್ಸಿನಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ, ನಮ್ಮ ಹಿರಿಯರು ಅಚ್ಚಿನ ಮೊಳೆ ಜೋಡಿಸಿದ್ದು. ಸುಳ್ಳು ಅಂತ ಅವರು ಯಾರೂ ಕೈಬಿಡಲಿಲ್ಲ ಮಾಸ್ಟ್ರೇ. ಆಮೇಲೆ ಎಂತ ಆಯಿತು? ಜೆಪ್ಪುವಿನ ಹೆಂಚಿನ ಕಾರ್ಖಾನೆಗೆ ಹೋಗಿ ಬರುತ್ತಿದ್ದ ದೊಡ್ಡಮ್ಮನ ಅಪ್ಪನಂಥವರು, ಮಿಷನ್ ಕಾಂಪೌಂಡಿನ ಜಗಳಗಳು, ಜಾತಿ ಬಿಟ್ಟು ಬಂದೂ ಮದುವೆಯ ಹೊತ್ತಿಗೆ ಹಿಂದಿನ ಜಾತಿ ಕೇಳುವ ನಮ್ಮ ಬುದ್ಧಿ, ಇದೆಲ್ಲ ಕಾದಂಬರಿಗೆ ಬಾರದ ವಿಷಯವಾ? ಕೊಂಕಣಿಯವರಾದರೂ ಪತ್ರಿಕೆಗಳಲ್ಲಿ ಧಾರಾವಾಹಿ ಬರೆದು ಓದುಗರನ್ನು ಹಿಡಿದಿಟ್ಟರು. ನಮ್ಮ ಮಕ್ಕಳು ಅಮೆರಿಕದ ಕಡೆಯ ಮೊಲದ ಕಥೆ ಓದಿ ಅಳುತ್ತಾರೆ. ಅಳಲಿ, ಒಳ್ಳೆಯದೇ. ಆದರೂ.

ಸಂಡೇ ಸ್ಕೂಲಿನ ಅರ್ಧ ಮಕ್ಕಳು ಕನ್ನಡ ಮೀಡಿಯಂ. ಅವರಿಗೆ ಸದ್ಯಕ್ಕೆ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಬರೆದಿದ್ದೇನೆ. 2011ರಲ್ಲಿ ಬಾಲಸಾಹಿತ್ಯಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂದದ್ದು. ಕ್ರೈಸ್ತ ಕಾದಂಬರಿ ಅನ್ನುವ ಹಣೆಪಟ್ಟಿ ಅದಕ್ಕಿಲ್ಲ. ಅಣೆಕಟ್ಟಿನ ನೀರಿಗೆ ಮನೆ ಕಳೆದುಕೊಂಡವರ ಕಡೆ ನಿಂತು ಜೀವನವಿಡೀ ಬರೆದವರು, 2025ರ ಜನವರಿಯಲ್ಲಿ ತೀರಿಕೊಂಡರು. ದೊಡ್ಡವರಿಗೆ ಅವರದೇ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು'. ದೊಡ್ಡಮ್ಮನಿಗೂ ಅದನ್ನೇ ತಂದುಕೊಡಬೇಕು, ಅಕ್ಷರ ಸ್ವಲ್ಪ ದೊಡ್ಡದಿರುವ ಪ್ರತಿ ಸಿಕ್ಕಿದರೆ.

ಪಟ್ಟಿಗೆ ಬೆಲೆಯನ್ನೂ ಬರೆಯಬೇಕು. ಹೊರದೇಶದ ಪುಸ್ತಕದ ಬೆಲೆ ನೋಡಿದರೆ ಕಮಿಟಿಯವರು ಸ್ಟೀಲ್ ಡಬ್ಬಿಯೇ ವಾಸಿ ಅನ್ನುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಬೇಡ, ಒಂದೊಂದು ಪ್ರತಿ ತಂದು ಕಪಾಟಿಗೆ ಹಾಕಿ ಸರದಿಯಲ್ಲಿ ಓದಲಿ ಅಂತ ಹೇಳಿ ನೋಡುವುದು.

'ಗಿಲಿಯಡ್' ಮಾತ್ರ ನಡುವಿನಲ್ಲಿ ನಿಂತಿದೆ. ಅಯ್ಯನವರ ಗೆಳೆಯನ ಮಗ ಜ್ಯಾಕ್, ತುಂಬಾ ವರ್ಷದ ಮೇಲೆ ಊರಿಗೆ ಬಂದವನು, ಅಲ್ಲಿವರೆಗೆ ಹೇಳಿದ್ದೇನೆ. ಅಯ್ಯನವರಿಗೆ ಅವನನ್ನು ಕಂಡರೆ ಆಗುವುದಿಲ್ಲ. ಅಷ್ಟು ಒಳ್ಳೆಯ ಮನುಷ್ಯ, ದಿನಾ ಪ್ರಾರ್ಥನೆ ಮಾಡುವವರು, ಇವನೊಬ್ಬನನ್ನು ಕ್ಷಮಿಸಲು ಆಗುವುದಿಲ್ಲ. ದೊಡ್ಡಮ್ಮ ಕೈ ತೊಳೆಯುತ್ತಾ "ಅವನು ಯಾಕೆ ಬಂದದ್ದು ಈಗ?" ಅಂತ ಕೇಳಿದರು. ನಾಳೆ ಹೇಳುತ್ತೇನೆ ಅಂದು ತಪ್ಪಿಸಿಕೊಂಡೆ.

ಯಾಕೆ ಬಂದ ಅನ್ನುವುದು ಪುಸ್ತಕದ ಗುಟ್ಟು, ಇಲ್ಲಿ ಬರೆಯುವುದಿಲ್ಲ, ನೀವು ಓದಿ. ಮದುವೆಯ ವಿಷಯ ಅಂತ ಮಾತ್ರ ಹೇಳಬಲ್ಲೆ. ಪುಣೆಯಲ್ಲಿರುವ ಅಣ್ಣನ, ಅಂದರೆ ದೊಡ್ಡಮ್ಮನ ಮಗನ, ಫೋಟೋ ದೊಡ್ಡಮ್ಮನ ಷೋಕೇಸಿನಲ್ಲಿ ಯಾಕಿಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ, ಅದೂ ಮದುವೆಯ ವಿಷಯವೇ. ಅವನು ಈ ಕ್ರಿಸ್‌ಮಸ್‌ಗೆ ಬರುತ್ತೇನೆ ಅಂತ ನನಗೆ ಮೆಸೇಜ್ ಹಾಕಿದ್ದು ದೊಡ್ಡಮ್ಮನಿಗೆ ಇನ್ನೂ ಗೊತ್ತಿಲ್ಲ. ನಾನು ನಾತಾನನ ಕೆಲಸಕ್ಕೆ ಹೊರಟಿದ್ದೇನಾ? ಕಥೆ ಹೇಳಲು ಶುರು ಮಾಡುವಾಗ ಇದು ಯಾವುದೂ ತಲೆಯಲ್ಲಿ ಇರಲಿಲ್ಲ, ಸುಮ್ನೆ ಒಳ್ಳೆ ಪುಸ್ತಕ ಅಂತ. ಈಗ ಆ ಭಾಗ ಬಿಟ್ಟು ಹೇಳಿದರೆ ಅದು ಕಥೆಯೇ ಅಲ್ಲ, ಹೇಳಿದರೆ ದೊಡ್ಡಮ್ಮನಿಗೆ ಅರ್ಥವಾಗದೆ ಇರುವುದಿಲ್ಲ, ಅವರಿಗೆ ಬೇಗ ಗೊತ್ತಾಗುತ್ತದೆ, ಆಮೇಲೆ ಬೇಕಂತಲೇ ಈ ಪುಸ್ತಕ ಹುಡುಕಿ ತಂದೆ ಅಂತ ತಿಳಿದರೆ

ಪುಟ್ಟಿ ಇನ್ನೂ ಮಲಗಿಲ್ಲ, ಒಳಗೆ ಲೈಟ್ ಇದೆ. ನಾಳೆ ಗಣಿತ ಟೆಸ್ಟ್.