ಪೈಪಿಗೂ ಒಂದು ತಾರೀಖು ಇದೆ

ಮುಂಬೈನ ಒಂದು ಆಸ್ಪತ್ರೆಯ ಎಂಡೋಸ್ಕೋಪಿ ರೂಮಿನಲ್ಲಿ ನಾನು ನರ್ಸ್. ಕಲಬುರಗಿ, ವಿಜಯಪುರ ಕಡೆಯಿಂದ ರೈಲು ಹತ್ತಿ ಬರುವವರು ನಮ್ಮಲ್ಲಿ ಜಾಸ್ತಿ. ಡಾಕ್ಟರು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿದ್ದನ್ನು ಅವರಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ನಾನು ಒಮ್ಮೆ ಎಡವಿದೆ.

ವಿಜಯಪುರ ಕಡೆಯ ಒಬ್ಬ ಅಜ್ಜ. ಕಣ್ಣು ಅರಿಶಿನ ಕಲಸಿದ ಹಾಗೆ. ಮೂತ್ರ ಕಡು ಚಹಾದ ಬಣ್ಣ, ಮಲ ಬಿಳಿಚಿಕೊಂಡಿತ್ತು. ಹೊಟ್ಟೆನೋವು ಇರಲಿಲ್ಲ. ಹಾಗಾಗಿ ಸಾದಾ ಕಾಮಾಲೆ ಅಂದುಕೊಂಡು ಊರಲ್ಲೇ ನಾಟಿ ಔಷಧಿ, ಕಬ್ಬಿನ ಹಾಲು ಅಂತ ಒಂದೂವರೆ ತಿಂಗಳು ಕಳೆದಿದ್ದರು. ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿ) ತಲೆಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದು ಪಿತ್ತನಾಳವನ್ನು ಒತ್ತಿಬಿಟ್ಟಿತ್ತು. ಅಜ್ಜನಿಗೆ ಗಡ್ಡೆಗಿಂತ, ಪಿತ್ತ ಕಟ್ಟಿಕೊಂಡು ಬಂದ ತುರಿಕೆಯ ಕಷ್ಟವೇ ದೊಡ್ಡದು. ಬಾಚಣಿಗೆಯಲ್ಲಿ ಬೆನ್ನು ಕೆರೆದು ಕೆರೆದು ಗೀರುಗಳ ಮೇಲೆ ರಕ್ತ ಒಣಗಿತ್ತು.

ಇಆರ್‌ಸಿಪಿ ಮಾಡಿದೆವು. ಬಾಯಿಂದ ಸ್ಕೋಪ್ (ಕ್ಯಾಮೆರಾ ಇರುವ ಉದ್ದ ನಳಿಕೆ) ಇಳಿಸಿ, ಸಣ್ಣ ಕರುಳು ಶುರುವಾಗುವಲ್ಲಿ ಪಿತ್ತನಾಳದ ಬಾಯಿ ಹುಡುಕಿ, ಎಕ್ಸ್‌ರೇ ನೋಡುತ್ತಾ ತೆಳು ತಂತಿಯನ್ನು ಅಡಚಣೆ ದಾಟಿಸಬೇಕು. ಆ ತಂತಿಯ ಮೇಲೆ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಸಣ್ಣ ಪೈಪು, ಹೋಗುತ್ತದೆ. ಅವತ್ತು ಹಾಕಿದ್ದು ಪ್ಲಾಸ್ಟಿಕ್‌ದು, ನಮ್ಮ ಅಳತೆಯಲ್ಲಿ 10 ಫ್ರೆಂಚ್. ಅಂದರೆ ಬರೀ 3 ಮಿಲಿಮೀಟರ್ ಚಿಲ್ಲರೆ ದಪ್ಪ. ಅದು ಕೂತ ಕೂಡಲೇ ಕಟ್ಟಿಕೊಂಡಿದ್ದ ಪಿತ್ತ ಕಪ್ಪು ಹಸಿರಾಗಿ ಸುರಿಯಿತು. ಸ್ಕ್ರೀನಿನಲ್ಲಿ ಅದನ್ನು ನೋಡುವಾಗ ಈಗಲೂ ನನಗೆ ಜೀವ ಹಗುರಾಗುತ್ತದೆ. ಕೆಲವು ದಿನ ಬಿಟ್ಟು ಅಜ್ಜ ಅಂದರು, "ಯವ್ವಾ, ರಾತ್ರಿ ಚಲೋ ನಿದ್ದಿ ಹತ್ತಿತು ನೋಡು."

ಡಿಸ್ಚಾರ್ಜ್ ದಿನ ನಾನು ಹೇಳಿದ್ದು ಒಂದೇ ಮಾತು: "ಮೂರು ತಿಂಗಳಿಗೆ ಬಂದು ಬದಲಿಸಿಕೊಳ್ಳಿ." ಯಾಕೆ ಅಂತ ಹೇಳಲಿಲ್ಲ. ಕಾಗದ ಇಂಗ್ಲಿಷಿನಲ್ಲಿತ್ತು.

ಬಂದದ್ದು ಐದು ತಿಂಗಳಿಗೆ, ಸ್ಟ್ರೆಚರ್ ಮೇಲೆ. ಹಲ್ಲು ಕಟಕಟ ಅನ್ನುವಷ್ಟು ಚಳಿ, ಸುಡುವ ಜ್ವರ, ಬಿಪಿ ಇಳಿದಿತ್ತು. ಮಗ ಅಳುತ್ತಾ ಅಂದ, "ಅಪ್ಪಾರು ಆರಾಮ ಇದ್ರು ಅಕ್ಕಾರ, ಸುಮ್ನ ಯಾಕ ತ್ರಾಸು ಕೊಡೂದು ಅಂತ ಬಿಟ್ವಿ." ಹೊರತೆಗೆದ ಸ್ಟೆಂಟಿನ ಬಾಯಿ ತುಂಬ ಕಂದು ಕೆಸರು. ಒಳಗೋಡೆಗೆ ಬ್ಯಾಕ್ಟೀರಿಯಾ ಅಂಟಿ, ಅದರ ಮೇಲೆ ಪಿತ್ತದ ಗಷ್ಟು ಕೂರುತ್ತಾ ಹೋಗುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಪೂರ್ತಿ ಕಟ್ಟಿಕೊಂಡು ಸೋಂಕು ರಕ್ತಕ್ಕೆ ಏರಿದರೆ ಜೀವಕ್ಕೇ ಅಪಾಯ.

ಅಜ್ಜ ಉಳಿದರು. ಈ ಸಲ ಮೆಟಲ್ ಸ್ಟೆಂಟ್ ಹಾಕಿದರು. ಅದು ತೆಳು ಕವಚದೊಳಗೆ ಮುದುಡಿಕೊಂಡು ಬರುತ್ತದೆ. ಕವಚವನ್ನು ನಾನು ಹಿಂದಕ್ಕೆ ಎಳೆದಂತೆ ಅರಳುತ್ತದೆ. ಅವಸರ ಮಾಡಿದರೆ ಜಾಗ ತಪ್ಪುತ್ತದೆ, ಕೂದಲೆಳೆ ಕೂದಲೆಳೆಯಷ್ಟೇ ಎಳೆಯಬೇಕು. ಪೂರ್ತಿ ಅರಳಿದರೆ 10 ಮಿಲಿಮೀಟರ್ ಅಗಲ, ಪ್ಲಾಸ್ಟಿಕ್‌ಗಿಂತ ಜಾಸ್ತಿ ದಿನ ಬಾಳುತ್ತದೆ. ಮೊದಲೇ ಅದನ್ನು ಹಾಕಬಹುದಿತ್ತಲ್ವಾ ಅಂತ ಮಗ ಕೇಳಿದ. ಬೆಲೆ ಬಹಳ ಹೆಚ್ಚು. ಜೊತೆಗೆ, ಹೊದಿಕೆಯಿಲ್ಲದ ಮೆಟಲ್ ಸ್ಟೆಂಟ್ ಒಮ್ಮೆ ಕೂತರೆ ತೆಗೆಯುವುದು ತುಂಬಾ ಕಷ್ಟ. ಮೊದಲ ಸಲ, ಗಡ್ಡೆ ಕ್ಯಾನ್ಸರೇ ಅಂತ ಖಚಿತಪಡಿಸುವ ಬಯಾಪ್ಸಿ ರಿಪೋರ್ಟ್ ಇನ್ನೂ ಬಂದಿರಲಿಲ್ಲ.

ಆಮೇಲೆ ನನ್ನ ರೀತಿ ಬದಲಾಯಿತು. ಒಂದು ಸ್ಯಾಂಪಲ್ ಸ್ಟೆಂಟನ್ನು ಅವರ ಅಂಗೈ ಮೇಲೆ ಇಡುತ್ತೇನೆ. ತೂತು ಎಷ್ಟು ಸಣ್ಣದು ಅಂತ ಅವರೇ ನೋಡಲಿ. ಇದು ಪಿತ್ತಕ್ಕೆ ದಾರಿ ಮಾಡುತ್ತದೆ, ಗಡ್ಡೆಯನ್ನು ಕರಗಿಸುವುದಿಲ್ಲ ಅಂತ ಬಿಡಿಸಿ ಹೇಳುತ್ತೇನೆ. ಕಾಮಾಲೆ ಇಳಿದರೆ ಕೀಮೋ ಶುರು ಮಾಡಲು ಅನುಕೂಲ, ಅದಕ್ಕೂ ಈ ಪೈಪು ತೆರೆದಿರಬೇಕು. ಬದಲಿಸುವ ತಾರೀಖನ್ನು ಫೈಲಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಕನ್ನಡದಲ್ಲೇ ದೊಡ್ಡದಾಗಿ ಬರೆಯುತ್ತೇನೆ. ಚಳಿಜ್ವರ ಬಂದರೆ, ಕಣ್ಣು ಮತ್ತೆ ಹಳದಿಯಾದರೆ ಮುಂಬೈವರೆಗೆ ಕಾಯಬೇಡಿ. ಅವತ್ತೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, "ಪಿತ್ತನಾಳದಲ್ಲಿ ಸ್ಟೆಂಟ್ ಇದೆ" ಅನ್ನಿ.

ಕೊನೆಗೆ ಅವರ ಬಾಯಿಂದಲೇ ಕೇಳುತ್ತೇನೆ, ಪೈಪು ಯಾಕೆ ಬದಲಿಸಬೇಕು ಅಂತ. ಕಳೆದ ವಾರ ಒಬ್ಬ ಅಮ್ಮ ಥಟ್ಟನೆ ಅಂದರು, "ಗಟಾರ ಕಟ್ಟಿದ್ರ ಹೊಲಸು ನೀರು ಹೊಳ್ಳಿ ಮನಿಯೊಳಗ ಬರ್ತದಲ್ರಿ, ಹಂಗ." ಈಗ ಬೇರೆಯವರಿಗೂ ಹಾಗೆಯೇ ಹೇಳುತ್ತಿದ್ದೇನೆ.